ಅರವತ್ತೆಂಟು ಚೆಂಡುಗಳು

ಜನವರಿ 9

ಇನ್ನು ಅರವತ್ತೆಂಟು ಬೇಕು.

ಅಭ್ಯಾಸ ಮುಗಿಸಿ ಹೊರಡುವಾಗ ಜಿತಾ ಒಂದು ಖಾಲಿ ಹಾಳೆ ಕೈಗಿಟ್ಟಳು. ಇಪ್ಪತ್ತು ವರ್ಷದಿಂದ ಬಾಸ್ಕೆಟ್‌ಬಾಲ್ ಪಂದ್ಯದ ಮೇಜಿನಲ್ಲಿ ಕೂತು, ಯಾರು ಎಷ್ಟು ಬುಟ್ಟಿ ಹಾಕಿದರು, ಯಾರು ಎಷ್ಟು ಚೆಂಡು ಹಿಡಿದರು ಎಂದು ಬರೆಯುವವಳು ಅವಳು.

"ನಿನ್ ಸಾಧನೆ ಎಲ್ಲಾ ಇದ್ರಲ್ಲಿ ಬರ್ಕೊಡು ಜಿವಿಲೆ. ಬೀಳ್ಕೊಡುಗೆಗೆ ಒಂದು ಪುಸ್ತಿಕೆ ಮಾಡ್ತೀವಿ."

"ನಾನು ಹೋಗ್ತೀನಿ ಅಂತ ಯಾರ್ ಹೇಳಿದ್ರು?"

"ನಿನ್ ಮಂಡಿ ಹೇಳ್ತು. ನೀನು ಮೆಟ್ಲು ಹತ್ತೋ ಸದ್ದು ನನ್ ಮೇಜಿನ ತನಕ ಕೇಳ್ಸತ್ತೆ."

ಮನೆಗೆ ಬಂದು ಹಾಳೆ ಮುಂದಿಟ್ಟುಕೊಂಡೆ. ಮರಿಯಾಂಪೊಲೆ ಊರಿನ ತಂಡದಲ್ಲಿ ನಾನು ಆಡುತ್ತಿರುವುದು ಇದು ಹದಿನೇಳನೇ ವರ್ಷ. ಮೂರು ಸಲ ಲೀಗ್ ಗೆದ್ದಿದ್ದೇವೆ. ಮೊದಲ ಸಲ ಗೆದ್ದ ದಿನ ಎದುರಾಳಿ ನಾಯಕಿಯ ಕೊರಳೆಲುಬು ನನ್ನ ಭುಜಕ್ಕೆ ಸಿಕ್ಕಿ ಮುರಿಯಿತು. ಒಣಸೌದೆ ಮುರಿದ ಸದ್ದು, ಮೇಲಿನ ಸಾಲಿನವರಿಗೂ ಕೇಳಿಸಿತಂತೆ. ಎರಡನೇ ಸಲ ಇಬ್ಬರ ಮೂಗು. ಎರಡು ವರ್ಷ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ್ತಿ ಎಂದು ಫಲಕ ಕೊಟ್ಟರು. ಒಂದರ ಫೋಟೋದಲ್ಲಿ ನನ್ನ ಹಣೆಯಲ್ಲಿ ಏಳು ಹೊಲಿಗೆ ಇವೆ, ಆದರೂ ನಗುತ್ತಿದ್ದೇನೆ. ಆ ಗಾಯ ಮಾಡಿದವಳು ಆಸ್ಪತ್ರೆಯಲ್ಲಿದ್ದಳು, ನಾನು ವೇದಿಕೆಯ ಮೇಲಿದ್ದೆ.

ಇವೆಲ್ಲ ಬೇರೆಯವರ ಹತ್ತಿರವೂ ಇವೆ. ನನಗೆ ಬೇಕಾದದ್ದು ಬೇರೆ. ಬುಟ್ಟಿಯ ಅಂಚಿಗೆ ಬಡಿದು ಹೊರಚಿಮ್ಮಿದ ಚೆಂಡನ್ನು ಹಿಡಿಯುವುದು ನನ್ನ ಕಸುಬು. ರಿಬೌಂಡ್ ಎನ್ನುತ್ತಾರೆ. ಅದು ಕಲೆಯಲ್ಲ, ಜಾಗಕ್ಕಾಗಿ ನಡೆಯುವ ಹೊಡೆದಾಟ. ಲೀಗಿನಲ್ಲಿ ಈವರೆಗೆ ಅತಿ ಹೆಚ್ಚು ಹಿಡಿದವಳ ಲೆಕ್ಕ 4306. ನನ್ನದು 4239. ಉಳಿದಿರುವುದು ಹತ್ತು ಪಂದ್ಯ. ದಾಖಲೆ ಮುರಿದರೆ ನನ್ನ ಹನ್ನೆರಡನೇ ನಂಬರಿನ ಅಂಗಿಯನ್ನು ಕ್ರೀಡಾಂಗಣದ ಸೂರಿಗೆ ಏರಿಸುತ್ತಾರೆ. ಆಮೇಲೆ ಇಲ್ಲಿ ಯಾರೂ ಆ ನಂಬರು ತೊಡುವ ಹಾಗಿಲ್ಲ. ಮುರಿಯದಿದ್ದರೆ ಅಂಗಿ ಒಗೆದು, ಮಡಿಸಿ, ಬರುವ ವರ್ಷ ಇನ್ಯಾವಳಿಗೋ ಕೊಡುತ್ತಾರೆ.

ಅಡ್ಡವಾಗಿ ನಿಂತಿರುವುದು ಎದುರಾಳಿಯಲ್ಲ, ನಮ್ಮದೇ ತಂಡದ ಉಗ್ನೆ. ಹತ್ತೊಂಬತ್ತು ವರ್ಷ, ಏಳನೇ ನಂಬರು, ನನಗಿಂತ ಎರಡು ಬೆರಳು ಎತ್ತರ. ಡಿಸೆಂಬರಿನಲ್ಲಿ ಬಂದಳು. ನನ್ನ ತಲೆಯ ಮೇಲಿಂದ ಕೈ ಚಾಚಿ ನನ್ನ ಚೆಂಡುಗಳನ್ನು ಹಿಡಿದುಕೊಳ್ಳುತ್ತಾಳೆ. ಅವಳಿಗೆ ಮುಂದೆ ಹದಿನೈದು ವರ್ಷ ಬಿದ್ದಿದೆ. ಸ್ವಲ್ಪ ಕಾಯಲು ಏನು ರೋಗ?

ಜನವರಿ 12

ಪಂದ್ಯ. ನನಗೆ ಆರು, ಉಗ್ನೆಗೆ ಹನ್ನೊಂದು. ಉಳಿದದ್ದು ಅರವತ್ತೆರಡು.

ಜನವರಿ 14

ಇವತ್ತು ಅಭ್ಯಾಸದಲ್ಲಿ ಉಗ್ನೆಯ ಹಲ್ಲು ಬಿತ್ತು. ಬಿತ್ತು ಎನ್ನುವುದು ಸುಳ್ಳು, ನಾನು ಬೀಳಿಸಿದೆ. ಇಬ್ಬರೂ ಒಟ್ಟಿಗೆ ಹಾರಿದೆವು. ಇಳಿಯುವಾಗ ಮೊಣಕೈಯನ್ನು ಸರಿಯಾಗಿ ಅವಳ ಬಾಯಿಯ ಮಟ್ಟಕ್ಕೆ ತಂದೆ. ಅವಳು ಅಳಲಿಲ್ಲ. ಮಂಡಿಯೂರಿ, ನೆತ್ತರು ಸುರಿಸುತ್ತಾ, ನೆಲದಲ್ಲಿ ತನ್ನ ಹಲ್ಲು ಹುಡುಕಿದಳು. ಸಿಕ್ಕಿದ ಮೇಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಹಾಲಲ್ಲಿ ಹಾಕ್ಬೇಕು ಹಲ್ಲನ್ನ, ಹಾಲಲ್ಲಿ," ಎನ್ನುತ್ತಾ ಜಿತಾ ಕ್ಯಾಂಟೀನಿಗೆ ಓಡಿದಳು. ಅಲ್ಲಿ ಹಾಲಿರಲಿಲ್ಲ, ಹುಳಿಹಾಲು ಮಾತ್ರ ಇತ್ತು. ಹಲ್ಲು ಅದರಲ್ಲೇ ಮುಳುಗಿ ದಂತವೈದ್ಯರ ಬಳಿಗೆ ಹೋಯಿತು.

ಕೋಚ್ ರೊಮಾಸ್ ಸೀಟಿ ಊದಿ, "ಆಯ್ತಾ ನಿಮ್ಮಿಬ್ರದು? ನೆಲ ಒರೆಸಿ, ಮುಂದಿನ ಸುತ್ತು ಶುರು ಮಾಡಿ" ಎಂದ. ಯಾರೂ ನನ್ನ ಕಡೆ ನೋಡಲಿಲ್ಲ. ಗೌರವ ಎಂದರೆ ಇದೇ.

ಜನವರಿ 15

ಉಗ್ನೆ ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ತುಟಿ ಬದನೆಕಾಯಿಯಷ್ಟಾಗಿತ್ತು. ಮೊದಲ ಚೆಂಡನ್ನು ಅವಳೇ ಹಿಡಿದಳು.

ಜನವರಿ 30

ಹಿಂದಿನ ವಾರ ನಾಲ್ಕು. ಇವತ್ತು ಕ್ಲೈಪೆಡಾದಲ್ಲಿ ಮೂರೇ ಮೂರು. ಉಳಿದದ್ದು ಐವತ್ತೈದು, ಪಂದ್ಯ ಏಳು. ಈ ಲೆಕ್ಕದಲ್ಲಿ ಆಗುವುದಿಲ್ಲ, ಅದು ನನಗೂ ಗೊತ್ತು, ಜಿತಾಗೂ ಗೊತ್ತು.

ಪಂದ್ಯದಲ್ಲಿ ಎರಡು ಸಲ ಉಗ್ನೆಯ ಪಾದ ತುಳಿದೆ. ಒಂದು ಸಲ ಸೊಂಟದ ಮಾಂಸ ಹಿಡಿದು ತಿರುಚಿದೆ, ಕೈಯಲ್ಲಿ ನುಲಿಯುವುದು ತಿಳಿಯಿತು. ಆದರೂ ಹಾರಿದಳು. ಹಿಂದಿರುಗುವ ಬಸ್ಸಿನಲ್ಲಿ ನನ್ನ ಪಕ್ಕವೇ ಬಂದು ಕೂತಳು, ಬೇರೆ ಸೀಟುಗಳು ಖಾಲಿ ಇದ್ದವು. ಕರಿರೊಟ್ಟಿ ಮುರಿದು ಅರ್ಧ ನನಗೆ ನೀಡಿದಳು.

"ತಗೊಳ್ಳಿ ಅಜ್ಜಿ. ತುಳಿದು ತುಳಿದು ನಿಮ್ ಕಾಲೇ ನೋಯ್ತಿರ್ಬೇಕು."

ರೊಟ್ಟಿ ತೆಗೆದುಕೊಂಡೆ, ಹಸಿವಾಗಿತ್ತು.

ಫೆಬ್ರವರಿ 2

ಸೌನಾದ ಉಗಿಯಲ್ಲಿ ಇಬ್ಬರೇ ಇದ್ದೆವು. ಅವಳ ಸೊಂಟದಲ್ಲಿ ನನ್ನ ನಾಲ್ಕು ಬೆರಳಿನ ಗುರುತು ಹಸಿರಾಗಿ ಕಾಣುತ್ತಿತ್ತು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

"ಒಂದು ವ್ಯಾಪಾರ ಮಾಡೋಣ್ವಾ?" ಎಂದಳು.

"ನಿನ್ ಹತ್ರ ಏನಿದೆ ಮಾರೋಕೆ?"

"ಐವತ್ತೈದು ಚೆಂಡು. ನಾನು ಹಾರಲ್ಲ. ಎದುರಾಳಿನ ಬೆನ್ನು ಕೊಟ್ಟು ತಡೀತೀನಿ, ಜಾಗ ಮಾಡ್ಕೊಡ್ತೀನಿ. ನೀವು ಹಿಡ್ಕೊಳ್ಳಿ."

"ಬದ್ಲಿಗೆ?"

"ಆ ಮೊಣಕೈ ಹೇಳ್ಕೊಡಿ. ಹದಿನೇಳು ವರ್ಷದಲ್ಲಿ ನಿಮ್ಮನ್ನ ಹೊರಗೆ ಕಳ್ಸಿದ್ದು ಎರಡೇ ಸಲ ಅಂತೆ. ನಾನು ಯಾರನ್ನಾದ್ರೂ ಮುಟ್ಟಿದ್ರೆ ಸಾಕು ಸೀಟಿ ಊದ್ತಾರೆ."

ಕಲಿಸಿದೆ. ಅಲ್ಲೇ, ಮರದ ಮೆಟ್ಟಿಲ ಮೇಲೆ, ಮೈಮೇಲೆ ಟವೆಲ್ ಸುತ್ತಿಕೊಂಡು. ಕೈ ಬೀಸಿದರೆ ರೆಫರಿಗೆ ಕಾಣುತ್ತದೆ, ಬೀಸಬಾರದು. ಸೊಂಟ ತಿರುಗಿಸಬೇಕು, ಮೊಣಕೈ ತಾನಾಗಿ ಹಿಂಬಾಲಿಸುತ್ತದೆ. ಎರಡೂ ಕೈ ಮೇಲಿದ್ದಾಗ ಹೊಡೆಯಬೇಕು, ಆಗ ಸಮತೋಲ ತಪ್ಪಿದ ಹಾಗೆ ಕಾಣುತ್ತದೆ. ಏಟು ಬಿದ್ದ ಕೂಡಲೇ ಅವಳಿಗಿಂತ ಮೊದಲು ನೀನು ಕೂಗು. ರೆಫರಿ ಮೊದಲು ಕೂಗಿದವಳನ್ನು ನಂಬುತ್ತಾನೆ.

ಅವಳು ಕಲಿಯುವ ರೀತಿ ನೋಡಿ ಖುಷಿಯಾಯಿತು. ಹೇಳಿದ್ದನ್ನು ಎರಡನೇ ಸಲ ಕೇಳುವುದಿಲ್ಲ.

ಫೆಬ್ರವರಿ 6

ಹನ್ನೆರಡು. ಹನ್ನೆರಡು ರಿಬೌಂಡ್ ಹಿಡಿದು ನಾಲ್ಕು ವರ್ಷವಾಗಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನನಗೆ ನಾನೇ ಚಪ್ಪಾಳೆ ಹೊಡೆದುಕೊಂಡೆ, ನಾಚಿಕೆಯಿಲ್ಲದೆ. ಉಳಿದದ್ದು ನಲವತ್ತಮೂರು.

ಉಗ್ನೆ ತನ್ನ ಪಾಠವನ್ನು ವಿಲ್ನಿಯಸ್ಸಿನ ಒಬ್ಬಳ ಪಕ್ಕೆಯ ಮೇಲೆ ಪ್ರಯೋಗ ಮಾಡಿದಳು. ಆಕೆ ಮೀನಿನ ಹಾಗೆ ಬಾಯಿ ಬಿಡುತ್ತಾ ಕೂತುಬಿಟ್ಟಳು. ಸೀಟಿ ಬರಲಿಲ್ಲ. ಉಗ್ನೆ ನನ್ನ ಕಡೆ ತಿರುಗಿ ನೋಡಿದಳು. ನಾನು ತಲೆಯಾಡಿಸಿದೆ. ಸ್ವಲ್ಪ ಎತ್ತರಕ್ಕೆ ಹೊಡೆದಿದ್ದಳು, ಅದನ್ನು ಆಮೇಲೆ ತಿದ್ದಿದೆ.

ಫೆಬ್ರವರಿ 13

ಹನ್ನೊಂದು. ಉಳಿದದ್ದು ಮೂವತ್ತೆರಡು. ಎದುರಾಳಿಯ ತುಟಿ ಸೀಳಿತು. ಉಗ್ನೆ ತಾನೇ ಮೊದಲು ಕೂಗಿದಳು, ಎಷ್ಟು ಚೆನ್ನಾಗಿ ಕೂಗಿದಳೆಂದರೆ ರೆಫರಿ ಬಂದು ಅವಳನ್ನೇ ವಿಚಾರಿಸಿದ. ತುಟಿ ಸೀಳಿಸಿಕೊಂಡವಳಿಗೇ ಫೌಲ್ ಬಿತ್ತು. ಬಸ್ಸಿನಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಫೆಬ್ರವರಿ 17

ಜಿತಾ ಪುನಃ ಹಾಳೆ ಕೇಳಿದಳು. ಬರೆದದ್ದನ್ನು ತೋರಿಸಿದೆ. ಓದಿ ಕನ್ನಡಕ ತೆಗೆದಳು.

"ಇದೇನೇ ಇದು? ಕಪ್ ಗೆದ್ದಿದ್ದು ಒಂದು ಸಾಲು, ಮೂಳೆ ಮುರಿದಿದ್ದು ಮೂರು ಸಾಲು. ಇದನ್ನ ಅಚ್ಚು ಹಾಕಿಸ್ಲಾ?"

"ಹಾಗೇ ನೆನಪಾಗೋದು, ಏನ್ ಮಾಡ್ಲಿ."

ನಿಜವಾಗಿಯೂ ಹಾಗೆಯೇ ನೆನಪಾಗುತ್ತದೆ. ನನ್ನ ಬಲಗೆನ್ನೆಯೊಳಗೆ ಲೋಹದ ಒಂದು ತಗಡು ಇದೆ. ಚಳಿಗೆ ಮೊದಲು ತಣ್ಣಗಾಗುವುದು ಅದೇ. ಹಾಕಿಸಿಕೊಂಡಾಗ ನನಗೆ ಇಪ್ಪತ್ತು. ಕೆನ್ನೆ ಒಡೆದವಳು ನಮ್ಮದೇ ತಂಡದ ಹಿರಿಯಳು. ನಾನು ಅವಳ ಚೆಂಡು ಹಿಡಿದಿದ್ದೆ. ಆಸ್ಪತ್ರೆಗೆ ಅವಳು ಬರಲಿಲ್ಲ, ನಾನೂ ಕಾಯಲಿಲ್ಲ. ಮುಂದಿನ ವರ್ಷ ಅವಳ ಜಾಗದಲ್ಲಿ ನಾನಿದ್ದೆ. ಇದರಲ್ಲಿ ದೂರುವುದಕ್ಕೇನಿದೆ? ನಮ್ಮಲ್ಲಿ ಜಾಗ ಸಿಗುವುದೇ ಹೀಗೆ.

ಉಗ್ನೆಯ ಹಲ್ಲು ಕೂರಲಿಲ್ಲವಂತೆ. ಕಟ್ಟಿಸಿದ ಹಲ್ಲು ಸ್ವಲ್ಪ ಹಳದಿ.

ಮಾರ್ಚ್ 1

ಹೋದ ವಾರ ಹದಿಮೂರು. ಇವತ್ತು ಹತ್ತು. ಉಳಿದದ್ದು ಒಂಬತ್ತು. ಎಂಟನೇ ತಾರೀಕು ನಮ್ಮೂರಲ್ಲೇ ಪಂದ್ಯ.

ಮಾರ್ಚ್ 8

ಆಯಿತು. 4307.

ಬರೆಯಬೇಕಾದದ್ದು ಬಹಳ ಇದೆ ಎಂದುಕೊಂಡಿದ್ದೆ. ಕ್ರಮವಾಗಿ ಬರೆಯುತ್ತೇನೆ.

ಮಹಿಳಾ ದಿನವಾದ್ದರಿಂದ ಕ್ರೀಡಾಂಗಣ ತುಂಬಿತ್ತು, ಬಾಗಿಲಲ್ಲಿ ಎಲ್ಲ ಹೆಂಗಸರಿಗೂ ಒಂದೊಂದು ಟ್ಯೂಲಿಪ್ ಕೊಟ್ಟಿದ್ದರು. ಎದುರಾಳಿ ಶೌಲೈ ತಂಡ. ಅವರ ಕಡೆ ನನ್ನ ಎದುರು ನಿಂತವಳು ಎಲ್ಜೆ ಎಂಬ ಹದಿನೇಳರ ಹುಡುಗಿ, ಕೊಕ್ಕರೆ ಕಾಲು, ಲೀಗಿನಲ್ಲಿ ಇದೇ ಮೊದಲ ವರ್ಷ. ಪಂದ್ಯಕ್ಕೆ ಮುಂಚೆ ಬಂದು ನನ್ನ ಕೈ ಕುಲುಕಿ, "ನಮ್ಮಮ್ಮನೂ ಬಂದಿದ್ದಾಳೆ, ನಿಮ್ಮನ್ನ ನೋಡೋಕೆ" ಎಂದಳು. ಮೂರನೇ ಸುತ್ತಿಗೆ ನನ್ನದು ಎಂಟಾಗಿತ್ತು, ಹಳೆಯ ದಾಖಲೆಗೆ ಸಮ. ಜನ ಎದ್ದು ನಿಂತು ಎಣಿಸುತ್ತಿದ್ದರು. ಆಮೇಲೆ ಆರು ನಿಮಿಷ ಏನೂ ಸಿಗಲಿಲ್ಲ. ಪ್ರತಿ ಸಲ ಎಲ್ಜೆಯ ಉದ್ದ ಕೈ ಅಡ್ಡ ಬಂತು. ಮಂಡಿ ಉರಿಯುತ್ತಿತ್ತು.

ಏಳನೇ ನಿಮಿಷಕ್ಕೆ ಚೆಂಡು ಅಂಚಿಗೆ ಬಡಿದು ಮೇಲೆ ಹೋಯಿತು. ಎಲ್ಜೆ ನನಗಿಂತ ಮೊದಲು ಹಾರಲು ಕುಗ್ಗಿದಳು. ಉಗ್ನೆ ಸೊಂಟ ತಿರುಗಿಸಿದಳು. ಮೊಟ್ಟೆ ಒಡೆದ ಹಾಗೆ ಒಂದು ಸದ್ದು. ಉಗ್ನೆ ಕೂಗಿದಳು, ಎಲ್ಜೆ ಕೂಗಲಿಲ್ಲ. ದಾರಿ ತೆರೆಯಿತು, ಹಾರಿ ಹಿಡಿದೆ. ಇಳಿಯುವಾಗ ಕಾಲು ಸ್ವಲ್ಪ ಹೊರಳಿತು, ಬೀಳಲಿಲ್ಲ.

ಪಂದ್ಯ ನಿಲ್ಲಿಸಿದರು. ನಮ್ಮ ಕ್ಲಬ್ಬಿನ ಅಧ್ಯಕ್ಷ ಅಂಗಣಕ್ಕೆ ಬಂದು ಹೂಗುಚ್ಛ ಕೊಟ್ಟ. ನನ್ನ ನಂಬರು ಹನ್ನೆರಡೆಂದು, ಪಾಪ, ಹನ್ನೆರಡು ಟ್ಯೂಲಿಪ್ ಕಟ್ಟಿಸಿಕೊಂಡು ಬಂದಿದ್ದ. ಮೈಕಿನಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಯೂ ಬಿಟ್ಟ. ಮುಂದಿನ ಸಾಲಿನ ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು. ಜಿತಾ ಮೇಜು ಬಿಟ್ಟು ಓಡಿಬಂದು ಗುಚ್ಛದಿಂದ ಒಂದು ಹೂ ಕಿತ್ತು ತನ್ನ ಜೇಬಿಗೆ ತುರುಕಿಕೊಂಡಳು.

"ಜೋಡಿ ಲೆಕ್ಕದ ಹೂ ಗೋರಿಗೆ ಇಡೋದು, ಬುದ್ಧಿ ಬೇಡ್ವಾ ಈ ಗಂಡಸ್ಗೆ," ಎಂದು ನನ್ನ ಕಿವಿಯಲ್ಲಿ ಗೊಣಗಿದಳು.

ಎಲ್ಲರೂ ನಕ್ಕರು. ಆಗಲೇ ನಾನು ಆ ಕಡೆ ನೋಡಿದ್ದು. ಸ್ಟ್ರೆಚರ್ ಬಾಗಿಲು ದಾಟುತ್ತಿತ್ತು. ಎಲ್ಜೆಯ ಮುಖದ ಮೇಲೆ ಬಿಳಿ ಟವೆಲ್, ಅದು ಬಿಳಿಯಾಗಿ ಉಳಿದಿರಲಿಲ್ಲ.

ಉಗ್ನೆ ನನ್ನನ್ನು ತಬ್ಬಿಕೊಂಡು, "ನಿಮಗೋಸ್ಕರ ಜಾಗ ಮಾಡಿದೆ, ನೋಡಿದ್ರಾ? ಎತ್ತರ ಸರಿ ಇತ್ತಾ?" ಎಂದಳು.

ಸರಿ ಇತ್ತು ಎಂದೆ.

ಮಾರ್ಚ್ 9

ಆಲೂಗಡ್ಡೆ ತುರಿದು, ಮಾಂಸ ತುಂಬಿ, ಸೆಪೆಲಿನಾಯ್ ಬೇಯಿಸಿದೆ. ತಿನ್ನಲಿಲ್ಲ.

ಮಾರ್ಚ್ 11

ಎಲ್ಜೆಯನ್ನು ಕೌನಾಸಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಜಿತಾ ಹೇಳಿದಳು. ಹೋಗಬೇಕೆಂದೇನೂ ಇರಲಿಲ್ಲ, ಇಷ್ಟು ವರ್ಷದಲ್ಲಿ ಯಾರನ್ನೂ ನೋಡಲು ಹೋದವಳಲ್ಲ. ಮಂಡಿಯನ್ನು ಡಾಕ್ಟರಿಗೆ ತೋರಿಸುವುದು ಹೇಗೂ ಇತ್ತು. ಹೂವಿನಂಗಡಿ ಮುಚ್ಚಿತ್ತು. ಮನೆಯಲ್ಲಿದ್ದ ಹನ್ನೊಂದು ಟ್ಯೂಲಿಪ್ ಒರೆಸಿ, ಕಾಗದ ಸುತ್ತಿಕೊಂಡು ಹೋದೆ.

ಹುಡುಗಿ ಮಲಗಿದ್ದಳು. ಎಡಗಣ್ಣಿಗೆ ದಪ್ಪ ಪಟ್ಟಿ. ಬಲಗೈಗೂ ಪಟ್ಟಿ, ಮೊಣಕೈ ತನಕ. ತಾಯಿ ಕಿಟಕಿಯ ಬಳಿ ಕೂತಿದ್ದಳು, ರೈಲಿನ ಟಿಕೆಟ್ ತಪಾಸಣೆಯವರ ಸಮವಸ್ತ್ರದಲ್ಲಿ. ಕೆಲಸದಿಂದ ನೇರ ಬಂದಿರಬೇಕು. ನನ್ನನ್ನು ನೋಡಿ ಏಳಲಿಲ್ಲ.

"ಕಣ್ಣು ಹೇಗಿದೆ?" ಎಂದೆ.

"ಬೆಳಕು ಗೊತ್ತಾಗತ್ತೆ. ಅದಕ್ಕಿಂತ ಹೆಚ್ಗೆ ಬರುತ್ತೋ ಇಲ್ವೋ ಗೊತ್ತಿಲ್ವಂತೆ."

ಬಾಯಿಗೆ ಬಂದದ್ದನ್ನು ಹೇಳಿದೆ. "ಹೊಡ್ದಿದ್ದು ನಾನೇ ಅನ್ಕೊಳ್ಳಿ. ಲೀಗಿಗೂ ಹಾಗೇ ಬರೀತೀನಿ. ನಮ್ ತಂಡದ ಆ ಹುಡುಗಿಗೆ ಕಲ್ಸಿದ್ದು ನಾನು."

"ಯಾಕೆ ಅನ್ಕೊಳ್ಳಿ? ನಾನು ಎರಡನೇ ಸಾಲಲ್ಲಿ ಕೂತಿದ್ದೆ, ಎಲ್ಲಾ ನೋಡ್ದೆ." ಅವಳ ದನಿ ಏರಲಿಲ್ಲ. ಟಿಕೆಟ್ ಕೇಳುವ ಹಾಗೆ ಮಾತಾಡಿದಳು. "ಕಣ್ಣಿಗೆ ಹೊಡ್ದಿದ್ದು ಆ ಏಳನೇ ನಂಬರು. ಕೈ ನಿಂದು."

"ಕೈಯಾ?"

"ಬಿದ್ದಿದ್ಲಲ್ಲ, ಅವಳ ಬೆರಳಿನ ಮೇಲೆ ಇಳ್ದೆ ನೀನು. ಮೂರು ಬೆರಳು ಪುಡಿಪುಡಿ. ಗೊತ್ತೇ ಆಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಕಾಲು ಹೊರಳಿತು ಎಂದು ಮೂರು ದಿನದ ಹಿಂದೆ ಇದೇ ಪುಸ್ತಕದಲ್ಲಿ ಬರೆದಿದ್ದೇನೆ.

"ಗೊತ್ತಾಗಲ್ಲ ಬಿಡು," ಎಂದಳು ಆಕೆ. "ನೀನು ಚೆಂಡು ನೋಡ್ತಿದ್ದೆ. ಆಮೇಲೂ ಅದನ್ನೇ ನೋಡ್ತಾ ನಿಂತಿದ್ದೆ. ನನ್ನ ಮಗಳ ಮೇಲೇ ನಿಂತಿದ್ದೆ."

ಹೂವನ್ನು ಮೇಜಿನ ಮೇಲಿಡಲು ಹೋದೆ. ಅವಳು ಕಾಗದ ಸರಿಸಿ ನೋಡಿ ಗುರುತು ಹಿಡಿದಳು. "ಇವು ಆವತ್ತು ನಿಂಗೆ ಕೊಟ್ಟಿದ್ದಲ್ವಾ," ಎಂದು ಗುಚ್ಛವನ್ನು ತೆಗೆದು ನನ್ನ ಮುಖಕ್ಕೆ ಬೀಸಿದಳು. ಎರಡನೇ ಸಲ, ಮೂರನೇ ಸಲ. ದೇಟು ಮುರಿಯುವ ತನಕ ಹೊಡೆದಳು. ತಗಡಿರುವ ಕೆನ್ನೆಗೇ ಬಿತ್ತು. ತಡೆಯಲು ನನ್ನ ಕೈ ಮೇಲೇಳಲಿಲ್ಲ, ಏಕೆಂದು ತಿಳಿಯದು. ಬೇರೆ ಯಾರೇ ಆಗಿದ್ದರೂ ಎದ್ದಿರುತ್ತಿತ್ತು. ಮಗಳು ಎಚ್ಚರಗೊಂಡು "ಅಮ್ಮ, ಯಾರದು?" ಎಂದು ಕೇಳಿದಾಗ ನಿಲ್ಲಿಸಿದಳು.

ಮಂಡಿ ತೋರಿಸಲಿಲ್ಲ. ಹಾಗೇ ಬಸ್ ಹತ್ತಿದೆ.

ಮಾರ್ಚ್ 13

ಲೀಗಿಗೆ ಕಾಗದ ಬರೆದೆ. ಆ ಚೆಂಡಿಗೆ ಮುಂಚೆ ಫೌಲ್ ಆಗಿತ್ತು, ಅದನ್ನು ನನ್ನ ಲೆಕ್ಕದಿಂದ ತೆಗೆಯಿರಿ ಎಂದು. ಸಂಜೆಗೇ ಫೋನ್ ಬಂತು. ಸೀಟಿ ಊದದಿದ್ದರೆ ಅದು ಫೌಲ್ ಅಲ್ಲ, ರಿಬೌಂಡ್ ರಿಬೌಂಡೇ, ಅಭಿನಂದನೆಗಳು ಎಂದರು.

ಮಾರ್ಚ್ 15

ಪಂದ್ಯಕ್ಕೆ ಹೋಗಲಿಲ್ಲ, ಮಂಡಿ ಎಂದು ಹೇಳಿ ಕಳಿಸಿದೆ. ನಾನಿಲ್ಲದಾಗ ಉಗ್ನೆ ಒಬ್ಬಳ ದವಡೆ ಬಿರುಕು ಬಿಡಿಸಿದಳಂತೆ. ಸೀಟಿ ಬರಲಿಲ್ಲ. ಕೋಚ್ ಪತ್ರಿಕೆಯವರಿಗೆ ಅವಳು ಎರಡನೇ ಜಿವಿಲೆ ಎಂದು ಹೇಳಿದ್ದಾನೆ. ಉಗ್ನೆ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ತನ್ನ ಕಪಾಟಿಗೆ ಅಂಟಿಸಿಕೊಂಡಿದ್ದಾಳೆ.

ಮಾರ್ಚ್ 18

ಜಿತಾಳ ಹಾಳೆ ಮುಗಿಸಲು ಕೂತೆ. ಮೊದಲ ಫೈನಲಿನ ಆ ನಾಯಕಿಯ ಹೆಸರು ವಿಲ್ತೆ. ಮೂಗಿನವರಲ್ಲಿ ಒಬ್ಬಳು ರಮುನೆ, ಇನ್ನೊಬ್ಬಳ ಹೆಸರು ಎಷ್ಟು ಯೋಚಿಸಿದರೂ ಬರಲಿಲ್ಲ. ಜಿತಾಗೆ ಫೋನ್ ಮಾಡಿ ಕೇಳಿದೆ.

"ಅವ್ಳ ಹೆಸ್ರು ನಿಂಗ್ಯಾಕೆ ಈಗ? ಪುಸ್ತಿಕೆ ಇರೋದು ನಿನ್ನದು."

"ಸುಮ್ನೆ. ಹೇಳು."

ಹಳೆಯ ಕಡತ ತೆಗೆದು ಹುಡುಕಿ ಹೇಳಿದಳು. ಬರೆದುಕೊಂಡೆ. ಕಪ್ ಗೆದ್ದ ಇಸವಿ ತುಂಬಿಸುವುದು ಮರೆತೇಹೋಯಿತು.

ಮಾರ್ಚ್ 22

ಕೊನೆಯ ಪಂದ್ಯ. ಐದನೇ ಸ್ಥಾನಕ್ಕೆ, ಅಂದರೆ ಯಾವುದಕ್ಕೂ ಅಲ್ಲ. ಅಂಗಿ ಏರಿಸುವುದು ಪಂದ್ಯದ ನಂತರ ಎಂದು ಇಟ್ಟಿದ್ದರು.

ಎದುರಿಗೆ ಮತ್ತೆ ವಿಲ್ನಿಯಸ್ಸಿನವರು. ಅವರ ಕಡೆ ಹೊಸ ಹುಡುಗಿಯೊಬ್ಬಳು, ತಲೆಗೆ ಎರಡು ಜಡೆ. ಉಗ್ನೆ ಅವಳನ್ನು ಮೊದಲ ನಿಮಿಷದಿಂದ ಅಳೆಯುತ್ತಿದ್ದಳು. ಅಳೆಯುವುದು ನನಗೆ ಕಾಣುತ್ತದೆ, ನಾನೂ ಹಾಗೆಯೇ ಅಳೆಯುತ್ತಿದ್ದೆ. ಮೊದಲ ಮೂರು ಸುತ್ತು ನಾನು ಚೆಂಡಿನ ಕಡೆ ಹೋಗಲೇ ಇಲ್ಲ. ಉಗ್ನೆಯ ಪಕ್ಕದಲ್ಲೇ ಓಡಿದೆ, ಅವಳು ನಿಂತಲ್ಲಿ ನಿಂತೆ. ಕೋಚ್ ಬೆಂಚಿನಿಂದ, "ಜಿವಿಲೆ, ನಿನ್ ಬುಟ್ಟಿ ಆ ಕಡೆ ಇದೆ, ಕಣ್ಣು ಹೋಯ್ತಾ?" ಎಂದು ಕಿರುಚಿದ.

ಕೊನೆಯ ಸುತ್ತಿನಲ್ಲಿ ಚೆಂಡು ಅಂಚಿಗೆ ಬಡಿಯಿತು. ಜಡೆಯವಳು ಕೈ ಮೇಲೆತ್ತಿ ಹಾರಿದಳು, ಮುಖ ಪೂರ್ತಿ ತೆರೆದಿತ್ತು. ಉಗ್ನೆಯ ಸೊಂಟ ತಿರುಗಿತು. ನಾನು ಇಬ್ಬರ ನಡುವೆ ಮುಖ ಹಾಕಿದೆ.

ಸದ್ದು ತಲೆಯೊಳಗಿಂದ ಕೇಳಿಸಿತು. ಬಾಯಿ ತುಂಬ ಬಿಸಿ ನೆತ್ತರು. ನೆಲಕ್ಕೆ ಬಿದ್ದೆ. ಜಡೆಯವಳು ನನ್ನ ಪಕ್ಕದಲ್ಲಿ ಇಳಿದು, ಚೆಂಡು ಹಿಡಿದು, ಓಡಿದಳು. ಸ್ವಂತ ತಂಡದವಳನ್ನು ಹೊಡೆದರೆ ಯಾವ ಫೌಲ್ ಎಂದು ರೆಫರಿಗಳು ಇಬ್ಬರೂ ಮುಖ ಮುಖ ನೋಡಿಕೊಂಡರು.

ಬಟ್ಟೆ ಬದಲಿಸುವ ಕೋಣೆಗೆ ಜಿತಾ ಬಂದಳು. ಮೂಗು ಮುರಿದಿದೆ, ಆಂಬುಲೆನ್ಸ್ ಬರುತ್ತಿದೆ, ಅಂಗಿ ಏರಿಸುವುದು ಮುಂದಕ್ಕೆ ಹೋಗಿದೆ ಎಂದಳು. ಕೈಯಲ್ಲಿ ಪಂದ್ಯದ ಹಾಳೆ ಇತ್ತು.

"ಸೊನ್ನೆ ಕಣೇ. ಹದಿನೇಳು ವರ್ಷದಲ್ಲಿ ಒಂದು ಸಲನೂ ನಿನ್ ಹೆಸರಿನ ಮುಂದೆ ಸೊನ್ನೆ ಬರ್ದಿಲ್ಲ ನಾನು. ಒಂದಾದ್ರೂ ಹಾಕ್ಲಾ? ಯಾರಿಗ್ ಗೊತ್ತಾಗತ್ತೆ?"

"ಬೇಡ. ಹಾಗೇ ಇರ್ಲಿ."

ಅವಳು ಹೋದ ಮೇಲೆ ಉಗ್ನೆ ಐಸ್ ಚೀಲ ಹಿಡಿದು ಬಂದು ನನ್ನೆದುರು ಮಂಡಿಯೂರಿದಳು. ಅವಳ ಮೊಣಕೈಯಲ್ಲಿ ನನ್ನ ರಕ್ತ ಇನ್ನೂ ಹಸಿಯಾಗಿತ್ತು. ಸಿಟ್ಟಿನಿಂದ ಕೇಳಿದಳು.

"ಮಧ್ಯ ಯಾಕ್ ಬಂದ್ರಿ? ಚೆಂಡು ಆ ಕಡೆ ಇತ್ತು, ನೋಡ್ಲಿಲ್ವಾ?"

"ಇಲ್ಲ."

"ಮತ್ತೇನ್ ನೋಡ್ತಿದ್ರಿ?"

"ನಿನ್ನ."

ಅವಳು ಐಸ್ ಚೀಲವನ್ನು ನನ್ನ ಮೂಗಿನ ಮೇಲಿಟ್ಟು ಒತ್ತಿದಳು. ಜೀವ ಹೋಗುವಷ್ಟು ನೋವಾಯಿತು. ಒತ್ತಲಿ ಎಂದು ಸುಮ್ಮನೆ ಕೂತೆ.